ಕಟ್ಟೆ ಏರದ ಜೀಪು

ದಾಕ್ಷಾಯಣಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಭದ್ರಾವತಿಯ ಹಳೇನಗರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ ಅರ್ಧ ಆಯುಸ್ಸು ಕಳೆದವಳು. ಮೋಟಾರಿನ ಸದ್ದು, ಬೆಲ್ಟಿನ ಸದ್ದು, ಕಲ್ಲಿನ ಸದ್ದು ಎಲ್ಲವನ್ನೂ ಮೀರಿ ಕೂಗಿದರಷ್ಟೇ ರಾಗಿ ತಂದವರಿಗೆ ರಾಗಿ, ಜೋಳ ತಂದವರಿಗೆ ಜೋಳ ವಾಪಸ್ಸು ಹೋಗುತ್ತಿತ್ತು. ಗಿರಣಿ ನಿಂತ ಮೇಲೂ ದನಿ ಇಳಿಯುತ್ತಿರಲಿಲ್ಲ. ಗುಟ್ಟಿನ ಮಾತಿದ್ದವರು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಅಪ್ಪ ಷಡಕ್ಷರಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಸ್ಮರಣೆಯ ದಿನ ಜಂಗಮರ ಊಟ ಮುಗಿದು, ನೆಂಟರು ಪಡಸಾಲೆಯಲ್ಲಿ ಎಲೆಅಡಿಕೆಗೆ ಕೂತಿದ್ದಾಗ ತಮ್ಮ ವೀರೇಂದ್ರ ಜೀಪಿನ ಮಾತೆತ್ತಿದ. ವೀರೇಂದ್ರನಿಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿ. ನಾಲ್ಕು ಜನ ಮರ್ಯಾದೆ ಕೊಡುವ ಆಸಾಮಿ. ಮಾತನ್ನು ತೂಗಿ ಆಡುವವನು.

"ಅಕ್ಕ, ಸಕ್ರೆಬೈಲು ರಸ್ತೆಲಿ ಮಲ್ಲಿಕ್ ಅಂತ ಒಬ್ರು ದೊಡ್ಡ ಹೋಟೆಲ್ ಕಟ್ತಾ ಇದ್ದಾರೆ. ಆನೆ ನೋಡೋಕೆ ಬರೋ ಜನ ಎಲ್ಲ ಅಲ್ಲೇ ನಿಲ್ಲಿಸ್ತಾರೆ. ಬಾಗಿಲಲ್ಲಿ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ನಮ್ಮಪ್ಪನ ಜೀಪು ಇಡ್ತಾರಂತೆ. ಹಳೇ ಕಾಲದ ಗಾಡಿಗೆ ಕೊಡೋ ವಿಂಟೇಜ್ ನಂಬರ್ ಅವರೇ ಓಡಾಡಿ ಮಾಡಿಸ್ತಾರೆ. ಕೆಳಗೆ ಹಿತ್ತಾಳೆ ಫಲಕದಲ್ಲಿ ಅಪ್ಪನ ಹೆಸರು."

ನೆಂಟರೆಲ್ಲ ತಲೆದೂಗಿದರು. ಸತ್ತವನ ಹೆಸರು ಹಿತ್ತಾಳೆಯಲ್ಲಿ ಬರುವುದೆಂದರೆ ಸಾಮಾನ್ಯವೇ.

"ಆಗಲ್ಲ" ಎಂದಳು ದಾಕ್ಷಾಯಣಿ. ಪಕ್ಕದ ಮನೆಯ ಹೂವಮ್ಮ ಏನಾಯಿತೆಂದು ಕಿಟಕಿಯಲ್ಲಿ ಇಣುಕಿದಳು.

ಷಡಕ್ಷರಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದವನು. ಯುದ್ಧದ ಕಾಲದಲ್ಲಿ ರಾಜಸ್ಥಾನದ ಮರಳಿನಲ್ಲಿ ದೀಪ ಹಾಕದೆ ಜೀಪು ಓಡಿಸಿ ಬದುಕಿ ಬಂದವನು. ಊರಿಗೆ ಮರಳಿದ ಮೇಲೆ, ಸೈನ್ಯದವರು ಹಳೆಯ ಗಾಡಿಗಳನ್ನು ಹರಾಜು ಹಾಕುವ ಕಡೆ ಹೋಗಿ ಒಂದು ಜೀಪು ಕೊಂಡು ತಂದ. ತಾನು ಓಡಿಸಿದ್ದು ಇದನ್ನೇ ಎಂದು ಸುಳ್ಳು ಹೇಳಿದವನಲ್ಲ. "ಇದರ ಅಣ್ಣತಮ್ಮಂದಿರನ್ನ ಓಡಿಸಿದ್ದೀನಿ" ಎನ್ನುತ್ತಿದ್ದ. ಸೈನ್ಯದ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಮಿಲಿಟರಿ ಹಸಿರು ಬಳಿಯುವಂತಿಲ್ಲ ಎಂಬುದು ಕಾನೂನು. ಹಾಗಾಗಿ ಅದಕ್ಕೆ ಬೂದಿ ಬಣ್ಣ ಹೊಡೆಸಿ, ಶಿವಮೊಗ್ಗದಲ್ಲಿ ನೋಂದಣಿ ಮಾಡಿಸಿದ. ಆಮೇಲೆ ಆ ಜೀಪು ಕತ್ತೆಯ ಹಾಗೆ ದುಡಿಯಿತು. ನಾಲೆ ಏರಿಯ ಆಚೆಗಿನ ಗದ್ದೆಗೆ ಗೊಬ್ಬರ ಹೊತ್ತಿತು, ಗದ್ದೆಯಿಂದ ಭತ್ತ ತಂದಿತು, ಬೀದಿಯ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿತು.

ದಾಕ್ಷಾಯಣಿಗೆ ಹದಿನೆಂಟು ತುಂಬಿದಾಗ ಅವಳನ್ನೇ ಸ್ಟೇರಿಂಗಿನ ಹಿಂದೆ ಕೂರಿಸಿದ. "ಹುಡುಗಿಗೆ ಇದೆಲ್ಲ ಯಾಕೋ" ಎಂದ ದಾಯಾದಿಗೆ, "ಒತ್ತಿದ್ದು ಗಂಡೋ ಹೆಣ್ಣೋ ಕ್ಲಚ್ಚಿಗೆ ಗೊತ್ತಾಗಲ್ಲ" ಎಂದು ಉತ್ತರ ಕೊಟ್ಟ.

ಇಪ್ಪತ್ತು ವರ್ಷದ ಹಿಂದೆ ಇಂಜಿನ್ ಜಾಮ್ ಆಯಿತು. ಜೀಪು ಗಿರಣಿಯ ಹಿಂದಿನ ಶೆಡ್ಡು ಸೇರಿತು, ನೋಂದಣಿಯ ಅವಧಿಯೂ ಮುಗಿದು ಹೋಯಿತು. ತನಗೂ ಕೈಕಾಲು ಸೋತ ಮೇಲೆ ಒಂದು ಬೇಸಿಗೆಯಲ್ಲಿ ಷಡಕ್ಷರಪ್ಪ ಕೂತಲ್ಲೇ ಕೂತು, ಬ್ರಷ್ಷು ಹಿಡಿದು, ಜೀಪಿಗೆಲ್ಲ ಹಸಿರು ಬಳಿದ. ಬಾನೆಟ್ಟಿನ ಮೇಲೆ ಬಾಣದ ಗುರುತು ಬರೆದು ಸೈನ್ಯದ ನಂಬರನ್ನೂ ಹಾಕಿದ. "ಓಡದ ಗಾಡಿಗೆ ಯಾವ ಕಾನೂನು" ಎಂದ. ಆಗ ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ಕೂತಿದ್ದವನು ವೀರೇಂದ್ರ. ಅವನಿಗೆ ಅಪ್ಪನ ಜೀಪೆಂದರೆ ಆ ಹಸಿರೇ.

"ಆಗಲ್ಲ ಅಂದ್ರೆ ಇನ್ನೇನು ಮಾಡ್ತೀಯ ಅದನ್ನ?" ಎಂದ ವೀರೇಂದ್ರ.

"ರಿಪೇರಿ ಮಾಡಿಸ್ತೀನಿ. ನನ್ನ ಹೆಸರಿಗೆ ಮಾಡಿಸ್ಕೊಂಡು ರಸ್ತೆಗೆ ತರ್ತೀನಿ. ಮಳೆಗಾಲದಲ್ಲಿ ನಾಲೆ ಏರಿ ಮೇಲೆ ಲಗೇಜ್ ಆಟೋದವರು ಬರಲ್ಲ ಅಂತಾರೆ. ಭತ್ತ ತಲೆ ಮೇಲೆ ಹೊತ್ಕೊಂಡು ಬರ್ಲಾ?"

"ಐವತ್ತಾರು ವರ್ಷ ನಿಂಗೆ."

"ಜೀಪಿಗೆ ನನಗಿಂತ ಜಾಸ್ತಿ ಆಗಿದೆ. ಅದೇನು ಬೇಡ ಅಂದಿಲ್ಲ."

ನೆಂಟರಲ್ಲಿ ಯಾರೋ ನಕ್ಕರು. ವೀರೇಂದ್ರನ ಮುಖ ಬಿಗಿಯಿತು. "ಅಪ್ಪನಿಗೆ ನಾವಿಬ್ಬರೂ ಮಕ್ಕಳು ಅಕ್ಕ. ನಾನು ಒಪ್ಪಿ ಸೈನ್ ಹಾಕದೆ ಅದು ನಿನ್ನ ಹೆಸರಿಗೆ ಬರಲ್ಲ. ನಾನು ಹಾಕಲ್ಲ" ಎಂದು ಎದ್ದು ಹೋದ. ಅವನು ಹೇಳಿದ್ದು ನಿಜವಾಗಿತ್ತು. ಆದರೂ ಮರುದಿನ ಬೆಳಿಗ್ಗೆ ದಾಕ್ಷಾಯಣಿ ಗಿರಣಿಗೆ ಬೀಗ ಹಾಕಿ, ಬಿ.ಎಚ್. ರಸ್ತೆಯ ಫಿರೋಜಾಳ ಗ್ಯಾರೇಜಿಗೆ ಹೋದಳು.

ಗ್ಯಾರೇಜು ಮೊದಲು ಫಿರೋಜಾಳ ತಂದೆ ದಸ್ತಗೀರ್ ಸಾಹೇಬರದು. ಷಡಕ್ಷರಪ್ಪನ ಜೀಪಿಗೆ ಅವರೊಬ್ಬರೇ ಕೈ ಹಾಕುತ್ತಿದ್ದುದು. ಅವರ ನಂತರ ಮಗಳು ನಡೆಸುತ್ತಿದ್ದಳು. ಶೆಡ್ಡಿಗೆ ಬಂದು ಬಾನೆಟ್ ಎತ್ತಿದ ಫಿರೋಜಾ ಮೂಗಿಗೆ ದುಪ್ಪಟ್ಟಾ ಹಿಡಿದಳು.

"ದಾಕ್ಷಾಯಣಕ್ಕ, ಇದರೊಳಗೆ ಇಲಿಗಳು ಮೊಮ್ಮಕ್ಕಳನ್ನ ಕಂಡಿವೆ."

"ಓಡುತ್ತಾ ಹೇಳು."

"ಓಡಿಸ್ಬಹುದು. ಟೈಮ್ ಹಿಡಿಯುತ್ತೆ. ಆದ್ರೆ ಒಂದು ವಿಷ್ಯ. ನಿಮ್ಮ ತಮ್ಮ ವೀರಣ್ಣ ನಿನ್ನೆನೇ ಫೋನ್ ಮಾಡಿದ್ರು, ಆ ಜೀಪು ಮುಟ್ಟಬೇಡ ಅಂತ."

"ನೀನೇನಂದೆ?"

"ರಿಪೇರಿ ನನ್ನ ಕೆಲಸ, ಜಗಳ ನಿಮ್ಮನೇದು ಅಂದೆ." ಫಿರೋಜಾ ಕುರ್ತಾದ ತೋಳು ಮೇಲಕ್ಕೆ ಮಡಚಿ ಸ್ಪಾನರ್ ಕೈಗೆ ತೆಗೆದುಕೊಂಡಳು.

ಇಂಜಿನ್ ಗ್ಯಾರೇಜಿಗೆ ಹೋಯಿತು. ಬಿಡಿಭಾಗಗಳಿಗಾಗಿ ಫಿರೋಜಾ ಶಿವಮೊಗ್ಗದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಸಿಗದೆ ಹೋದವನ್ನು ಲೇತಿನವರ ಹತ್ತಿರ ಕೂತು ಮಾಡಿಸಿದಳು. ಕಾರ್ಖಾನೆಯಲ್ಲಿ ಕೆಲಸ ಮಾಡಿ ಪಳಗಿದ ಕೈಗಳಿಗೆ ಭದ್ರಾವತಿಯಲ್ಲಿ ಬರವಿಲ್ಲ. ಇತ್ತ ದಾಕ್ಷಾಯಣಿ, ಗಿರಣಿಗೆ ಜನ ಕಡಿಮೆಯಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಉಪ್ಪುಕಾಗದ ಹಿಡಿದು ಜೀಪಿನ ಮೈ ಉಜ್ಜತೊಡಗಿದಳು. ಹಸಿರು ಇದ್ದರೆ ಸಾರಿಗೆ ಕಚೇರಿಯವರು ಹತ್ತಿರವೂ ಸೇರಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಸುದ್ದಿ ಯಾರು ಮುಟ್ಟಿಸಿದರೋ. ವೀರೇಂದ್ರ ಮಂಡಿ ಬಿಟ್ಟು ಕಾರು ಹತ್ತಿ ಬಂದ. ಅಷ್ಟರಲ್ಲಿ ಒಂದು ಪಕ್ಕ ಪೂರ್ತಿ ಹಸಿರು ಹೋಗಿ, ಅಡಿಯಿಂದ ಹಳೆಯ ಬೂದಿ ಬಣ್ಣ ತೇಪೆ ತೇಪೆಯಾಗಿ ಎದ್ದಿತ್ತು. ಬಾನೆಟ್ಟಿನ ಮೇಲಿನ ಬಾಣ ಇನ್ನೂ ಉಳಿದಿತ್ತು. ಅವನು ಅದರ ಮೇಲೆ ಅಂಗೈ ಇಟ್ಟ.

"ಇದು ಅಪ್ಪನ ಕೈ ಅಕ್ಕ. ಈ ಬ್ರಷ್ಷಿನ ಗೆರೆ ನೋಡು, ಎಲ್ಲೆಲ್ಲಿ ನಡುಗಿದೆ ಅಂತ ಕಾಣ್ಸುತ್ತೆ. ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ. ಅಂಥದ್ದನ್ನ ಉಜ್ಜಿ ಹಾಕ್ತಾ ಇದ್ದೀಯಲ್ಲ."

ದಾಕ್ಷಾಯಣಿಯ ಕೈ ನಿಂತಿತು. ಬೆಳಿಗ್ಗೆಯಿಂದ ಅವಳೂ ಆ ಗೆರೆಗಳನ್ನೇ ನೋಡುತ್ತಿದ್ದಳು. ಬಾಣದ ತುದಿಯನ್ನು ನೇರ ಬರೆಯಲು ಅಪ್ಪ ಎರಡು ಸಲ ಅಳಿಸಿ ಬರೆದದ್ದು ಅಲ್ಲಿ ಕಾಣುತ್ತಿತ್ತು. ಅದಕ್ಕೇ ಬಾನೆಟ್ಟನ್ನು ಕಡೆಗೆ ಇಟ್ಟುಕೊಂಡಿದ್ದಳು.

"ಹಸಿರು ಇಟ್ಕೊಂಡ್ರೆ ಕಟ್ಟೆ, ತೆಗೆದ್ರೆ ರಸ್ತೆ. ನಾನೇನು ಮಾಡ್ಲಿ ವೀರೂ, ನೀನೇ ಹೇಳು."

"ಕಟ್ಟೆಗೆ ಬಿಡು."

ಅವಳು ಅವನ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟು, ಬಾಣದ ಮೇಲೆ ಉಪ್ಪುಕಾಗದ ಒತ್ತಿದಳು. ವೀರೇಂದ್ರ ನೋಡಲಾರದೆ ಹೊರಟುಹೋದ. ಕಾರು ತಿರುವು ದಾಟಿದ ಮೇಲೆ ದಾಕ್ಷಾಯಣಿ ಅತ್ತಳು. ಉಜ್ಜುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದಸರೆ ಕಳೆದ ಮೇಲೆ ಇಂಜಿನ್ ವಾಪಸ್ಸು ಬಂದು ಜೀಪಿನೊಳಗೆ ಕೂತಿತು. ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಫಿರೋಜಾ ಬಿಸ್ಮಿಲ್ಲಾ ಹೇಳಿದಳು, ದಾಕ್ಷಾಯಣಿ ಹಣೆಯ ವಿಭೂತಿ ಮುಟ್ಟಿಕೊಂಡಳು. ಬಹಳ ಹೊತ್ತು ಕೆಮ್ಮಿ, ಕಪ್ಪು ಹೊಗೆ ಕಕ್ಕಿ, ಇನ್ನೇನು ಸತ್ತಿತು ಅನ್ನುವಾಗ ಇಂಜಿನ್ ಹಿಡಿದುಕೊಂಡಿತು. ಗಿರಣಿಯ ತಗಡಿನ ಮಾಡು ಅದುರಿತು. ಜೋಳ ಹೊತ್ತು ಬಂದ ಹೆಂಗಸರು ಚೀಲ ಇಳಿಸಿ ಶೆಡ್ಡಿಗೆ ಓಡಿಬಂದರು.

ಅದೇ ಹೊತ್ತಿಗೆ ವೀರೇಂದ್ರನ ಕಾರು ಬಂತು. ಅಕ್ಕನನ್ನು ಒಪ್ಪಿಸಲು ಇದು ಕಡೆಯ ಪ್ರಯತ್ನ ಎಂದು ಅವನು ಮಲ್ಲಿಕ್‌ನನ್ನೇ ಕರೆತಂದಿದ್ದ. ಕಾರಿನಿಂದ ಇಳಿದ ವೀರೇಂದ್ರ ಬಾಗಿಲ ಹತ್ತಿರವೇ ನಿಂತ. ಚಿಕ್ಕಂದಿನಲ್ಲಿ ಆ ಸದ್ದು ನಾಲೆ ಏರಿಯಲ್ಲಿ ಇರುವಾಗಲೇ ಅವನು ಅಪ್ಪ ಬಂದ ಎಂದು ಗುರುತು ಹಿಡಿದು ಬೀದಿಗೆ ಓಡುತ್ತಿದ್ದ. ಈಗ ಅವನ ಮುಖದಲ್ಲಿ ಏನೋ ಸಡಿಲವಾದದ್ದು ದಾಕ್ಷಾಯಣಿಗೆ ಹೊಗೆಯ ಮಧ್ಯದಿಂದಲೂ ಕಂಡಿತು.

ಮಲ್ಲಿಕ್ ಕೆಟ್ಟವನೇನಲ್ಲ. ನಯವಾದ ಮಾತಿನವನು, ಹಿರಿಯರನ್ನು ಕಂಡರೆ ಕೈಮುಗಿಯುವವನು. ಜೀಪಿನ ಸುತ್ತ ಒಂದು ಸುತ್ತು ಬಂದು, ಇಂಜಿನ್ ನಿಲ್ಲಿಸಿದ ಮೇಲೆ ಹೇಳಿದ: "ಬಣ್ಣ ಹೋದ್ರೆ ಪರವಾಗಿಲ್ಲ ಮೇಡಂ, ನಾವು ಮತ್ತೆ ಹಸಿರು ಹೊಡೆಸ್ತೀವಿ. ಆದ್ರೆ ಇಂಜಿನ್‌ಗೆ ಇಷ್ಟು ಒದ್ದಾಡಬೇಕಾಗಿರಲಿಲ್ಲ. ನಂಬರ್ ಸಿಕ್ಕಿ, ಕಟ್ಟೆ ಮೇಲೆ ಕೂರಿಸುವಾಗ ಹೆಂಗೂ ತೆಗೆದುಬಿಡ್ತೀವಿ. ಭಾರ ಕಮ್ಮಿ ಆಗುತ್ತೆ."

"ತೆಗೆದು?" ಎಂದ ವೀರೇಂದ್ರ.

"ಆ ಜಾಗದಲ್ಲಿ ಹೂವಿನ ಕುಂಡ ಇಡ್ತೀವಿ ಸಾರ್. ಬಾನೆಟ್ ತೆರೆದಿಟ್ಟು, ಒಳಗಿಂದ ಬಳ್ಳಿ ಇಳಿಬಿಟ್ರೆ ಫೋಟೋಗೆ ಚೆನ್ನಾಗಿರುತ್ತೆ. ಈಗ ಎಲ್ಲ ಕಡೆ ಹಂಗೇ ಮಾಡ್ತಾರೆ."

ವೀರೇಂದ್ರ ಬಾನೆಟ್ಟಿನ ಕಡೆ ನೋಡಿದ. ಆಮೇಲೆ, "ಫಲಕದಲ್ಲಿ ಏನು ಬರೆಸ್ತೀರ?" ಎಂದು ಕೇಳಿದ.

"ಷಡಕ್ಷರಪ್ಪನವರ ಜೀಪು ಅಂತ."

"ಜೀಪು ಎಲ್ಲಿರುತ್ತೆ ಆಗ?"

ಇದು ತಮಾಷೆ ಎಂದುಕೊಂಡು ಮಲ್ಲಿಕ್ ನಕ್ಕ. ವೀರೇಂದ್ರ ನಗಲಿಲ್ಲ. ಮಲ್ಲಿಕ್‌ಗೆ ಕಾಫಿ ಕೊಟ್ಟು ಮರ್ಯಾದೆಯಿಂದ ಆಟೋ ಹತ್ತಿಸಿ ಕಳಿಸಿದ ಮೇಲೆ ವೀರೇಂದ್ರ ಗಿರಣಿಯ ಚೀಲದ ಮೇಲೆ ಕೂತ.

"ಎಲ್ಲಿ ಸೈನ್ ಹಾಕಬೇಕು ತಗೊಂಡು ಬಾ" ಎಂದ. ಅವಳು ತಂದಳು. ಪೆನ್ನಿನ ಮುಚ್ಚಳ ತೆಗೆದು ಹಿಡಿದವನು ಮತ್ತೆ ಹೇಳಿದ: "ಆದ್ರೆ ಒಂದು ಮಾತು. ಸಾರಿಗೆ ಕಚೇರಿಲಿ ಪಾಸಾಗಲಿಲ್ಲ ಅಂದ್ರೆ ಹಠ ಬಿಡಬೇಕು. ಹೋಟೆಲ್ ಬೇಡ. ಯಾವುದಾದ್ರೂ ಒಳ್ಳೇ ಜಾಗದಲ್ಲಿ, ಮ್ಯೂಸಿಯಂ ಥರ ಕಡೆ, ಮತ್ತೆ ಹಸಿರು ಬಳಿದು ಇಡಿಸ್ತೀನಿ."

"ಪಾಸಾಗುತ್ತೆ" ಎಂದಳು ದಾಕ್ಷಾಯಣಿ. ವೀರೇಂದ್ರ ಸೈನ್ ಹಾಕಿದ.

ಪಾಸಾಗಲಿಲ್ಲ.

ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ. ಲಾರಿಯ ಮೇಲೆ ಹೇರಿಸಿ ಶಿವಮೊಗ್ಗಕ್ಕೆ ಒಯ್ದದ್ದಾಯಿತು. ಪರೀಕ್ಷೆಯ ಮೈದಾನದಲ್ಲಿ ಲೈಸೆನ್ಸಿಗೆ ಬಂದ ಹುಡುಗರು ಎಂಟರ ಆಕಾರದಲ್ಲಿ ಬೈಕು ತಿರುಗಿಸುತ್ತಿದ್ದರು. ಇನ್‌ಸ್ಪೆಕ್ಟರ್ ಕೊಟ್ರಬಸಪ್ಪ ನಡುವಯಸ್ಸಿನ, ಸಮಾಧಾನದ ಮನುಷ್ಯ. ಜೀಪಿನ ಚಾಸಿ ನಂಬರ್ ನೋಡಿದ, ದೀಪ ನೋಡಿದ, ಹಾರ್ನ್ ಒತ್ತಿದ. ಆಮೇಲೆ ದಾಕ್ಷಾಯಣಿಯನ್ನೇ ಓಡಿಸಲು ಹೇಳಿ, ನಡುವೆ ಬ್ರೇಕ್ ಹಾಕಿಸಿದ. ಜೀಪು ನೇರ ನಿಲ್ಲದೆ ಎಡಕ್ಕೆ ಎಳೆದುಕೊಂಡು ಹೋಯಿತು. ಇನ್ನೊಮ್ಮೆ ಹಾಕಿಸಿದ. ಇನ್ನೊಮ್ಮೆಯೂ ಎಳೆಯಿತು.

"ಇದನ್ನ ರಸ್ತೆಗೆ ಬಿಡೋಕಾಗಲ್ಲ ಅಮ್ಮ" ಎಂದ. ಅವಳ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿರಬೇಕು. "ನೀವು ಯಾಕೆ ಇಷ್ಟು ಕಷ್ಟ ಪಡ್ತೀರಿ? ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ನಂಬರ್ ಕೊಡ್ತಾರೆ. ಗೌರವದ ನಂಬರ್. ಮಿಲಿಟರಿಲಿದ್ದ ಜೀಪು, ಐತಿಹಾಸಿಕ ವಾಹನ. ಅದಕ್ಕೆ ಅರ್ಜಿ ಹಾಕಿ. ರ‍್ಯಾಲಿಗೆ, ಪ್ರದರ್ಶನಕ್ಕೆ ಎಲ್ಲ ತಗೊಂಡು ಹೋಗ್ಬಹುದು."

"ಸಂತೆಗೆ?"

"ಸಂತೆಗೆ ಇಲ್ಲ."

"ಗದ್ದೆಗೆ?"

"ದಿನಾ ಓಡಾಡೋ ಹಾಗಿಲ್ಲ ಅಮ್ಮ. ಅದು ಅಪರೂಪದ್ದು ಅಂತ ಕಾಪಾಡೋಕೆ."

"ಬೇಡ" ಎಂದಳು ದಾಕ್ಷಾಯಣಿ. ಮೈದಾನದ ಆ ತುದಿಯಲ್ಲಿ ಒಬ್ಬ ಹುಡುಗ ಕಾಲು ನೆಲಕ್ಕೆ ಊರಿ ಪರೀಕ್ಷೆ ಕೆಡಿಸಿಕೊಂಡ. "ಹಾರ ಹಾಕಿ ಕೂರಿಸೋದಕ್ಕೆ ಇದೇನು ಹೆಣವಾ ಸಾರ್? ಇದಕ್ಕೆ ಕೆಲಸ ಇದೆ. ನನಗೂ ಇದೆ. ವಯಸ್ಸಾದದ್ದನ್ನೆಲ್ಲ ನಮಸ್ಕಾರ ಮಾಡಿ ಮೂಲೆಲಿ ಇಡೋದೇ ಗೌರವ ಅಂದ್ರೆ ಆ ಗೌರವ ನೀವೇ ಇಟ್ಕೊಳ್ಳಿ. ಬ್ರೇಕ್ ಸರಿ ಇಲ್ಲ ಅಂದ್ರಿ, ಒಪ್ಪಿದೆ. ತಪ್ಪು ನಮ್ದು. ಸರಿ ಮಾಡಿಸ್ಕೊಂಡು ಬರ್ತೀನಿ. ಎಲ್ಲ ಗಾಡಿಗೂ ಹೆಂಗೆ ನೋಡ್ತೀರೋ ಹಂಗೇ ನೋಡಿ. ರಿಯಾಯ್ತಿ ಬೇಡ."

ಕೊಟ್ರಬಸಪ್ಪ ಕೋಪಿಸಿಕೊಳ್ಳಲಿಲ್ಲ. "ಹಂಗಾದ್ರೆ ಬ್ರೇಕ್ ಸರಿ ಮಾಡಿಸ್ಕೊಂಡೇ ಬನ್ನಿ" ಎಂದು ಮುಂದಿನ ಗಾಡಿಗೆ ಹೋದ.

ಲಾರಿ ಹತ್ತಿರ ವೀರೇಂದ್ರ ಕಾಯುತ್ತಿದ್ದ. "ಫೇಲ್ ಆಯ್ತಲ್ಲ ಅಕ್ಕ."

"ಆಯ್ತು."

"ಮಾತು ಮಾತೇ ಅಲ್ವಾ?"

"ಷರತ್ತು ಹಾಕಿದ್ದು ನೀನು. ನಾನು ಹೂಂ ಅನ್ಲಿಲ್ಲ. ಪಾಸಾಗುತ್ತೆ ಅಂದೆ, ಅಷ್ಟೇ. ಆಗುತ್ತೆ."

"ಇದು ನ್ಯಾಯ ಅಲ್ಲ."

"ಅಲ್ಲದಿದ್ರೆ ಅಲ್ಲ. ಸೈನ್ ವಾಪಸ್ ತಗೊಳ್ಳೋದಾದ್ರೆ ತಗೋ, ಕೋರ್ಟಿಗೆ ಬರ್ತೀನಿ."

ಹಾಗೆ ಅನ್ನಬಾರದಿತ್ತು. ಅಕ್ಕತಮ್ಮಂದಿರ ನಡುವೆ ಕೋರ್ಟು ಎಂಬ ಮಾತು ಅದುವರೆಗೆ ಬಂದಿರಲಿಲ್ಲ. ಆಡಿದ ಕೂಡಲೇ ದಾಕ್ಷಾಯಣಿಗೂ ಅದು ಗೊತ್ತಾಯಿತು. ಆದರೆ ಹಿಂತೆಗೆದುಕೊಳ್ಳುವುದು ಅವಳ ಜಾಯಮಾನವಲ್ಲ. ವೀರೇಂದ್ರ ಚಪ್ಪಲಿಗೆ ಅಂಟಿದ ಮಣ್ಣು ಕೊಡವಿಕೊಂಡು ಕಾರು ಹತ್ತಿದ. ಆಮೇಲೆ ದೀಪಾವಳಿಗೂ ಬರಲಿಲ್ಲ, ಫೋನನ್ನೂ ಮಾಡಲಿಲ್ಲ. ಸೋದರತ್ತೆ ವೀರಮ್ಮ ಬಂದು, "ಒಂದು ಹಳೇ ಕಬ್ಬಿಣಕ್ಕೆ ತವರು ಕಳ್ಕೋತೀಯೇನೇ ಮಾರಾಯ್ತಿ" ಎಂದು ಬೈದುಹೋದಳು. ದಾಕ್ಷಾಯಣಿ ಅವಳ ಅಕ್ಕಿ ಬೀಸಿ ಕೊಟ್ಟಳು.

ಫಿರೋಜಾ ಬ್ರೇಕಿನ ಡ್ರಮ್ಮುಗಳನ್ನು ಬಿಚ್ಚಿದಳು. ಒಂದು ಚಕ್ರದ ಡ್ರಮ್ಮು ಒಳಗೇ ಸವೆದು ಸೊಟ್ಟಗಾಗಿತ್ತು. ಅದನ್ನು ಮೊದಲೇ ನೋಡದಿದ್ದುದಕ್ಕೆ ತನ್ನನ್ನೇ ಉರ್ದುವಿನಲ್ಲಿ ಬೈದುಕೊಂಡಳು. "ಅಬ್ಬಾ ಇದ್ದಿದ್ರೆ ಕಿವಿ ಹಿಂಡ್ತಿದ್ರು." ಬೇರೆ ಡ್ರಮ್ಮು ಹುಡುಕಿ, ಪೈಪುಗಳನ್ನೆಲ್ಲ ಬದಲಿಸಿ, ಗಿರಣಿಯ ಅಂಗಳದಲ್ಲೇ ಜೀಪನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನಿಲ್ಲಿಸಿ ನೋಡಿದರು. ಅಂಗಳದ ಮಣ್ಣಿನಲ್ಲಿ ನಾಲ್ಕು ಚಕ್ರದ ಗೆರೆಗಳೂ ನೇರ ಬಿದ್ದವು. ಆಮೇಲೆ ಹೊಸದಾಗಿ ಬೂದಿ ಬಣ್ಣ ಹೊಡೆದರು.

ಎರಡನೇ ಸಲ ಹೋದಾಗ ಕೊಟ್ರಬಸಪ್ಪ ರಿಯಾಯ್ತಿ ತೋರಿಸಲಿಲ್ಲ. ಬ್ರೇಕ್ ಹಾಕಿಸಿದ, ಇಳಿಜಾರಿನಲ್ಲಿ ನಿಲ್ಲಿಸಿ ಮೇಲಕ್ಕೆ ಹತ್ತಿಸಿದ, ಹಿಮ್ಮುಖವಾಗಿ ಓಡಿಸಿದ, ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದ. ಎದ್ದು ಬಟ್ಟೆ ಕೊಡವಿಕೊಂಡು, "ಐದು ವರ್ಷಕ್ಕೆ ಕೊಡ್ತೀನಿ. ಆಮೇಲೆ ಮತ್ತೆ ತಂದು ತೋರಿಸ್ಬೇಕು" ಎಂದ.

"ತರ್ತೀನಿ."

"ಅಷ್ಟೊತ್ತಿಗೆ ನಿಮಗೆ..."

"ಅರವತ್ತು ದಾಟಿರುತ್ತೆ. ನಾನೇ ಓಡಿಸ್ಕೊಂಡು ತರ್ತೀನಿ."

ತಿಂಗಳೊಳಗೆ ವಿಮೆ, ತೆರಿಗೆ ಎಲ್ಲ ಮುಗಿದು, ಅಪ್ಪನ ಕಾಲದ ಹಳೆಯ ನಂಬರಿನಲ್ಲೇ ಜೀಪು ಅವಳ ಹೆಸರಿಗೆ ಆಯಿತು. ಶಿವಮೊಗ್ಗದ ಒಬ್ಬ ಪರಿಚಯದವರ ಕಾಂಪೌಂಡಿನಲ್ಲಿ ನಿಲ್ಲಿಸಿದ್ದ ಅದನ್ನು ಕರೆತರಲು ದಾಕ್ಷಾಯಣಿ ಬೆಳಗಿನ ಬಸ್ಸಿಗೆ ಒಬ್ಬಳೇ ಹೋದಳು. ಗೇಟಿನ ಹೊರಗೆ ವೀರೇಂದ್ರ ನಿಂತಿದ್ದ. ಅವನಿಗೆ ಯಾರು ಸುದ್ದಿ ಹೇಳಿದರೋ. ಫಿರೋಜಾಳೇ ಇರಬೇಕು. ಅವನು ಬಾನೆಟ್ಟನ್ನೊಮ್ಮೆ ನೋಡಿದ. ಬಾಣ ಇದ್ದ ಜಾಗದಲ್ಲಿ ಬೂದಿ ಬಣ್ಣ ಮಿರಮಿರ ಅನ್ನುತ್ತಿತ್ತು. ಪಂಚೆ ಎತ್ತಿ ಕಟ್ಟಿ ಪಕ್ಕದ ಸೀಟು ಹತ್ತಿದ.

"ಕೋರ್ಟು ಅಂದಿದ್ದು ತಪ್ಪಾಯ್ತು" ಎಂದಳು ದಾಕ್ಷಾಯಣಿ.

"ತಪ್ಪೇ. ಗಾಡಿ ತೆಗಿ" ಎಂದ ವೀರೇಂದ್ರ.

ಭದ್ರಾವತಿಯ ರಸ್ತೆಯಲ್ಲಿ ಜನ ಬಸ್ಸಿನ ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದರು. ದೂರದೂರಿನ ನಂಬರಿನ ಕಾರೊಂದು ಪಕ್ಕಕ್ಕೇ ಬಂದು ಜೊತೆಜೊತೆಗೆ ಓಡತೊಡಗಿತು. ಒಳಗಿದ್ದವರು ಮೊಬೈಲು ಹಿಡಿದು, ಒಂದು ನಿಮಿಷ ನಿಲ್ಲಿಸಿ ಆಂಟಿ, ಒಂದು ಫೋಟೋ ಎಂದು ಕೈಸನ್ನೆ ಮಾಡಿದರು. ದಾಕ್ಷಾಯಣಿ ಅವರ ಕಡೆ ತಿರುಗಲೂ ಇಲ್ಲ. ಬಹಳ ದೂರ ಜೊತೆಗೇ ಬಂದು, ಬೇಸತ್ತು ಅವರು ಮುಂದೆ ಹೋದರು.

"ನಿಲ್ಲಿಸ್ಬಹುದಿತ್ತು, ಪಾಪ" ಎಂದ ವೀರೇಂದ್ರ.

"ನಿಲ್ಲೋದಕ್ಕಲ್ಲ ಇದನ್ನ ಎಬ್ಬಿಸಿದ್ದು."

ಊರು ಹತ್ತಿರವಾದಾಗ ಅವಳು ಮನೆಯ ಕಡೆ ತಿರುಗಿಸದೆ ನಾಲೆ ಏರಿಗೆ ಹತ್ತಿಸಿದಳು. ಅಕಾಲದ ಮಳೆ ಬಿದ್ದು ಏರಿಯೆಲ್ಲ ಕೆಸರು. ಟ್ರ್ಯಾಕ್ಟರುಗಳು ತುಳಿದು ಮೊಣಕಾಲುದ್ದದ ಜಾಡು ಮಾಡಿದ್ದವು. ಒಂದು ಕಡೆ ಚಕ್ರ ಹೂತು, ಸುಮ್ಮನೆ ತಿರುಗಿ, ಕೆಸರನ್ನು ಇಬ್ಬರ ಮೇಲೂ ಎರಚಿತು. ವೀರೇಂದ್ರ ಇಳಿಯಲು ಕಾಲು ಹೊರಹಾಕಿದ. "ಕೂತ್ಕೋ" ಎಂದು, ಅವಳು ಗೇರ್ ಪಕ್ಕದ ಚಿಕ್ಕ ಲಿವರನ್ನು ಎಳೆದಳು. ನಾಲ್ಕು ಚಕ್ರಕ್ಕೂ ಬಲ ಹರಿದು ಜೀಪು ಮೈ ಮುರಿದುಕೊಂಡು ಎದ್ದು, ಏರಿಯ ಮೇಲೆ ಬಂದು ನಿಂತಿತು.

ಕೆಳಗೆ ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ವೀರೇಂದ್ರ ಮುಖದ ಕೆಸರು ಒರೆಸಿಕೊಂಡ. ಬಿಳಿ ಪಂಚೆ ಕೆಟ್ಟುಹೋಗಿತ್ತು. ಹೊಸ ಬಣ್ಣದ ಬಾನೆಟ್ ಮೇಲೂ ಕೆಸರು.

"ಅಪ್ಪ ಇದ್ದಿದ್ರೆ ಬೈತಿದ್ರು" ಎಂದ. "ಹಿಂಗಾ ಓಡಿಸೋದು ಅಂತ."

"ಬೈಯಲಿ."

ಅವನು ಸ್ವಲ್ಪ ಹೊತ್ತು ಸ್ಟೇರಿಂಗನ್ನು ನೋಡಿದ. "ವಾಪಸ್ ಹೋಗುವಾಗ ನಾನು ಓಡಿಸ್ಲಾ?"

"ಇವತ್ತಿಲ್ಲ" ಎಂದು ದಾಕ್ಷಾಯಣಿ ಸೆರಗು ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು.